ಕೆಎಟಿ ಮೆಟ್ಟಿಲು ಹತ್ತುವ ಮುನ್ನ: ಶಿಕ್ಷಕರ ವರ್ಗಾವಣೆ ಪ್ರಕರಣದಲ್ಲಿ ನಾನು ಕಂಡ ನ್ಯಾಯಮಂಡಳಿ

ನನ್ನ ಸೇವಾ ಪುಸ್ತಕದಲ್ಲಿದ್ದ ಒಂದು ದಿನಾಂಕವನ್ನು ತಂತ್ರಾಂಶದಲ್ಲಿ ತಪ್ಪಾಗಿ ನಮೂದಿಸಿದ ಕಾರಣಕ್ಕೆ ನಾನು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯ ಮುಂದೆ ಅರ್ಜಿದಾರಳಾಗಿ ನಿಲ್ಲಬೇಕಾಯಿತು. ನಾವೆಲ್ಲ ಬಾಯಿಮಾತಿನಲ್ಲಿ ಕೆಎಟಿ ಎಂದು ಕರೆಯುವ ಈ ನ್ಯಾಯಮಂಡಳಿಯ ಬಗ್ಗೆ ಶಿಕ್ಷಕರ ನಡುವೆ ಎರಡು ಬಗೆಯ ಮಾತುಗಳಿವೆ. ಅಲ್ಲಿಗೆ ಹೋದರೆ ತಡೆಯಾಜ್ಞೆ ಸಿಕ್ಕೇ ಸಿಗುತ್ತದೆ ಎನ್ನುವವರು ಕೆಲವರು. ಸರ್ಕಾರದ ವಿರುದ್ಧ ಹೋಗಿ ಗೆದ್ದವರುಂಟೇ ಎನ್ನುವವರು ಇನ್ನು ಕೆಲವರು. ಎರಡೂ ಪೂರ್ತಿ ನಿಜವಲ್ಲ ಎಂಬುದು ಅಲ್ಲಿ ಹೋಗಿಬಂದ ಮೇಲೆ ನನಗೆ ತಿಳಿಯಿತು. ಪ್ರತಿ ವರ್ಷ ವರ್ಗಾವಣೆ ಅಧಿಸೂಚನೆ ಹೊರಬಿದ್ದಾಗಲೆಲ್ಲ ಪರಿಚಯದ ಶಿಕ್ಷಕರು ಫೋನ್ ಮಾಡಿ, ಹೋಗಬೇಕೋ ಬೇಡವೋ, ಎಷ್ಟು ಖರ್ಚಾಗುತ್ತದೆ, ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳುತ್ತ ಬಂದದ್ದನ್ನು ಇಲ್ಲಿ ಒಟ್ಟಾಗಿ ಬರೆಯುತ್ತಿದ್ದೇನೆ.

ಮೊದಲು ನನ್ನ ಪ್ರಕರಣ. ಸೇವೆಗೆ ಸೇರಿದಾಗಿನಿಂದ ಹಳ್ಳಿಯ ಶಾಲೆಗಳಲ್ಲಿಯೇ ಪಾಠ ಮಾಡಿದ್ದ ನಾನು ಕೋರಿಕೆ ವರ್ಗಾವಣೆಯಲ್ಲಿ ಪಟ್ಟಣದ ಹಿರಿಯ ಪ್ರಾಥಮಿಕ ಶಾಲೆಯೊಂದಕ್ಕೆ ಬಂದೆ. ವರ್ಗಾವಣೆ ಕಾಯ್ದೆಯ ಪ್ರಕಾರ ಶಾಲೆಗಳನ್ನು ಎ, ಬಿ, ಸಿ ಎಂದು ವಲಯಗಳಾಗಿ ವಿಂಗಡಿಸಲಾಗಿದೆ. ಸ್ಥೂಲವಾಗಿ ಹೇಳುವುದಾದರೆ ನಗರ, ಪಟ್ಟಣದ ಶಾಲೆಗಳು ಎ ವಲಯಕ್ಕೂ ದೂರದ ಹಳ್ಳಿಗಳ ಶಾಲೆಗಳು ಸಿ ವಲಯಕ್ಕೂ ಸೇರುತ್ತವೆ. ಎ ವಲಯದಲ್ಲಿ ಹತ್ತು ವರ್ಷ ಪೂರೈಸಿದವರು ಸಿ ವಲಯಕ್ಕೆ ಹೋಗಬೇಕು. ನನಗೆ ಪಟ್ಟಣದ ಶಾಲೆಯಲ್ಲಿ ಎಂಟು ವರ್ಷ ಚಿಲ್ಲರೆ ಆಗಿತ್ತು. ಆದರೆ ಶಿಕ್ಷಕರ ಮಾಹಿತಿ ದಾಖಲೆಯಲ್ಲಿ, ಅಂದರೆ ನಾವೆಲ್ಲ ಟಿಡಿಎಸ್ ಎನ್ನುವ ಪುಟದಲ್ಲಿ, ಅದಕ್ಕೂ ಹಿಂದಿನ ಹಳ್ಳಿ ಶಾಲೆಗೆ ನಾನು ಹಾಜರಾದ ದಿನಾಂಕವನ್ನೇ ಪಟ್ಟಣದ ಶಾಲೆಯ ಎದುರು ಬರೆದುಬಿಟ್ಟಿದ್ದರು. ಎಂಟು ಹನ್ನೊಂದಾಯಿತು. ವಲಯ ವರ್ಗಾವಣೆಯ ತಾತ್ಕಾಲಿಕ ಪಟ್ಟಿಯಲ್ಲಿ ನನ್ನ ಹೆಸರು ಬಂತು.

ತಾತ್ಕಾಲಿಕ ಪಟ್ಟಿಗೆ ಆಕ್ಷೇಪಣೆ ಸಲ್ಲಿಸಲು ಕೊಟ್ಟಿದ್ದ ಅವಧಿಯಲ್ಲಿಯೇ ನಾನು ಸೇವಾ ಪುಸ್ತಕದ ಸಂಬಂಧಪಟ್ಟ ಪುಟದ ನಕಲು, ಹಳ್ಳಿಯ ಶಾಲೆಯ ಬಿಡುಗಡೆ ಆದೇಶ, ಪಟ್ಟಣದ ಶಾಲೆಗೆ ಹಾಜರಾದ ವರದಿ ಈ ಮೂರನ್ನೂ ಲಗತ್ತಿಸಿ ಮನವಿ ಕೊಟ್ಟೆ. ಕೊಟ್ಟದ್ದು ಒಂದು ಕಚೇರಿಯಲ್ಲಿ. ಅದರ ಹೆಸರು ಇಲ್ಲಿ ಬೇಡ. ಮೇಜಿನ ಹಿಂದಿದ್ದವರು ಮನವಿಯನ್ನು ತೆಗೆದುಕೊಂಡು, ಸರಿ ಮಾಡುತ್ತೇವೆ ಹೋಗಿ ಮೇಡಂ ಎಂದರು. ನಾನು ಸ್ವೀಕೃತಿ ಕೇಳಲಿಲ್ಲ. ಇಷ್ಟು ವರ್ಷಗಳಿಂದ ಮುಖಪರಿಚಯವಿದ್ದವರ ಬಳಿ ಸ್ವೀಕೃತಿ ಕೇಳಿದರೆ ಅವರ ಮೇಲೆ ನಂಬಿಕೆ ಇಲ್ಲವೆಂದಂತಾಗುತ್ತದೆ ಎಂಬ ಸಂಕೋಚವೊಂದೇ ಅದಕ್ಕೆ ಕಾರಣ. ಆ ಸಂಕೋಚಕ್ಕೆ ಮುಂದೆ ನಾನು ಒಂದು ಇಡೀ ಶೈಕ್ಷಣಿಕ ವರ್ಷವನ್ನು ತೆತ್ತೆ. ಅಂತಿಮ ಪಟ್ಟಿಯಲ್ಲಿಯೂ ಹೆಸರು ಹಾಗೆಯೇ ಉಳಿದಿತ್ತು, ಮತ್ತು ಆಕ್ಷೇಪಣೆ ಕೊಟ್ಟಿದ್ದೆ ಎನ್ನುವುದಕ್ಕೆ ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಕೌನ್ಸೆಲಿಂಗ್ ದಿನದ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ; ಅದನ್ನು ಕಂಡಿರದ ಶಿಕ್ಷಕರಿಲ್ಲ. ಪರದೆಯ ಮೇಲೆ ಖಾಲಿ ಹುದ್ದೆಗಳ ಪಟ್ಟಿ ಓಡುತ್ತಿರುತ್ತದೆ, ನಮಗಿಂತ ಮುಂದಿನವರು ಒಂದೊಂದನ್ನೇ ಆರಿಸಿಕೊಂಡಂತೆ ಆ ಸಾಲು ಅಳಿಯುತ್ತದೆ, ನಮ್ಮ ಸರದಿ ಬಂದಾಗ ಸಿಗುವುದು ಕೆಲವೇ ನಿಮಿಷ. ಆರಿಸಿಕೊಳ್ಳದಿದ್ದರೆ ಉಳಿದದ್ದನ್ನು ಅವರೇ ಕೊಡುತ್ತಾರೆಂಬ ಭಯದಲ್ಲಿ ನಾನು ದಿನಕ್ಕೆ ಎರಡೇ ಬಸ್ಸು ಓಡಾಡುವ ಊರೊಂದರ ಶಾಲೆಯನ್ನು ಒತ್ತಿ, ಆದೇಶದ ಪ್ರತಿ ತೆಗೆದುಕೊಂಡು ಹೊರಬಂದೆ.

ಅದೇ ವಾರ ಜಿಲ್ಲಾ ಕೇಂದ್ರದ ವಕೀಲರೊಬ್ಬರ ಬಳಿ ಹೋದೆ. ಅವರು ಕಾಗದಗಳನ್ನು ನೋಡುವ ಮೊದಲೇ, ಹೊಸ ಶಾಲೆಗೆ ಹಾಜರಾಗಬೇಡಿ, ವಾರದೊಳಗೆ ತಡೆಯಾಜ್ಞೆ ತರುತ್ತೇನೆ ಎಂದರು. ನಾನು ಹಾಗೆ ಮಾಡದೆ ಉಳಿದದ್ದು ನಮ್ಮ ಸಂಘದ ಹಿರಿಯರೊಬ್ಬರು ಸಕಾಲದಲ್ಲಿ ಎಚ್ಚರಿಸಿದ್ದರಿಂದ. 1989ರಲ್ಲಿಯೇ ಗುಜರಾತ್ ವಿದ್ಯುಚ್ಛಕ್ತಿ ಮಂಡಳಿಯ ನೌಕರರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಸ್ಪಷ್ಟವಾಗಿ ಹೇಳಿದೆ: ವರ್ಗಾವಣೆಯಿಂದ ತೊಂದರೆಯಾದರೆ ಮನವಿ ಸಲ್ಲಿಸಬಹುದು, ಆದರೆ ಆದೇಶಕ್ಕೆ ತಡೆ ಇಲ್ಲದಿರುವಾಗ, ಮನವಿ ಬಾಕಿಯಿದೆ ಎಂಬ ಕಾರಣ ನೀಡಿ ಹೊಸ ಜಾಗಕ್ಕೆ ಹಾಜರಾಗದಿರುವಂತಿಲ್ಲ, ಹಾಜರಾಗದವರು ಶಿಸ್ತುಕ್ರಮಕ್ಕೆ ಗುರಿಯಾಗುತ್ತಾರೆ. ತಡೆಯಾಜ್ಞೆಯ ಭರವಸೆಯನ್ನು ನಂಬಿ ಮನೆಯಲ್ಲಿ ಕುಳಿತು, ಅನಧಿಕೃತ ಗೈರುಹಾಜರಿಯ ನೋಟಿಸು ಪಡೆದು, ವೇತನ ನಿಂತು, ವರ್ಗಾವಣೆಯ ಮೊಕದ್ದಮೆಯ ಜೊತೆಗೆ ಇಲಾಖಾ ವಿಚಾರಣೆಯನ್ನೂ ಎದುರಿಸಿದ ಶಿಕ್ಷಕರನ್ನು ನಾನು ಆಮೇಲೆ ನ್ಯಾಯಮಂಡಳಿಯ ಮೊಗಸಾಲೆಯಲ್ಲಿ ಭೇಟಿಯಾದೆ. ನಾನು ಹೊಸ ಶಾಲೆಗೆ ಹಾಜರಾದೆ. ಹಾಜರಾತಿ ವರದಿಯಲ್ಲಿ, ಆದೇಶವನ್ನು ಪ್ರಶ್ನಿಸುವ ನನ್ನ ಹಕ್ಕಿಗೆ ಬಾಧೆ ಬಾರದಂತೆ ಹಾಜರಾಗುತ್ತಿದ್ದೇನೆ ಎಂದು ಒಂದು ಸಾಲು ಬರೆದೆ.

ಇನ್ನು ನ್ಯಾಯಮಂಡಳಿಯ ವಿಷಯ. ಸಂವಿಧಾನದ 323ಎ ವಿಧಿ ಮತ್ತು 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆಯ ಅಡಿಯಲ್ಲಿ ರಾಜ್ಯ ಸರ್ಕಾರಿ ನೌಕರರ ಸೇವಾ ವಿಷಯಗಳನ್ನೇ ವಿಚಾರಣೆ ಮಾಡಲೆಂದು ಸ್ಥಾಪಿಸಿದ ಸಂಸ್ಥೆ ಇದು. ನೇರವಾಗಿ ಹೈಕೋರ್ಟಿಗೆ ಹೋಗುತ್ತೇನೆ ಎನ್ನುವವರು ಇಂದಿಗೂ ಇದ್ದಾರೆ. ಅದು ಆಗದ ಮಾತು. 1997ರ ಮಾರ್ಚ್‌ನಲ್ಲಿ ಎಲ್. ಚಂದ್ರಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ನೀಡಿದ ತೀರ್ಪಿನ ಪ್ರಕಾರ ಸೇವಾ ವಿಷಯಗಳಿಗೆ ನ್ಯಾಯಮಂಡಳಿಯೇ ಮೊದಲ ನ್ಯಾಯಾಲಯ. ಅದರ ಆದೇಶ ಒಪ್ಪಿಗೆಯಾಗದವರು ಹೈಕೋರ್ಟಿನ ವಿಭಾಗೀಯ ಪೀಠದ ಮುಂದೆ ರಿಟ್ ಅರ್ಜಿ ಸಲ್ಲಿಸಬಹುದು. ಅನುದಾನಿತ ಖಾಸಗಿ ಶಾಲೆಗಳ ಶಿಕ್ಷಕರು ಸರ್ಕಾರಿ ನೌಕರರಲ್ಲವಾದ್ದರಿಂದ ಅವರ ದಾರಿಯೇ ಬೇರೆ, ಇಲ್ಲಿ ನಾನು ಬರೆಯುತ್ತಿರುವುದು ಅವರಿಗೆ ಅನ್ವಯಿಸದು.

ಪ್ರಧಾನ ಪೀಠ ಇರುವುದು ಬೆಂಗಳೂರಿನ ಕೆಂಪೇಗೌಡ ರಸ್ತೆಯ ಕಂದಾಯ ಭವನದಲ್ಲಿ. ಬೆಳಗಾವಿಯಲ್ಲಿ ಮತ್ತು ಕಲಬುರಗಿಯಲ್ಲಿ ಪೀಠಗಳು ಆದ ಮೇಲೆ ಉತ್ತರದ ಜಿಲ್ಲೆಗಳ ಶಿಕ್ಷಕರಿಗೆ ಬಹಳ ಅನುಕೂಲವಾಗಿದೆ. ಒಂದು ಮುಂದೂಡಿಕೆಗಾಗಿ ರಾತ್ರಿಯಿಡೀ ಪ್ರಯಾಣ ಮಾಡಿ ಬರುತ್ತಿದ್ದವರ ಪಾಡನ್ನು ಹಳಬರು ಈಗಲೂ ಹೇಳುತ್ತಾರೆ. ಹಳೆ ಮೈಸೂರು ಭಾಗದವಳಾದ ನಾನು ಬೆಳಗಿನ ಐದರ ಬಸ್ಸು ಹಿಡಿದು ಹೋಗುತ್ತಿದ್ದೆ. ಬಸ್ ನಿಲ್ದಾಣದಿಂದ ಕಂದಾಯ ಭವನಕ್ಕೆ ನಡೆದೇ ಹೋಗಬಹುದು. ಮೊಗಸಾಲೆಯಲ್ಲಿ ಪೊಲೀಸರು, ಗ್ರಾಮ ಆಡಳಿತಾಧಿಕಾರಿಗಳು, ದಾದಿಯರು, ಎಂಜಿನಿಯರುಗಳು ಎಲ್ಲರೂ ಇರುತ್ತಾರಾದರೂ, ಪ್ಲಾಸ್ಟಿಕ್ ಚೀಲದೊಳಗೆ ದಾಖಲೆಗಳನ್ನು ವರ್ಷವಾರು ಜೋಡಿಸಿ, ಪ್ರತಿ ಕಾಗದದ ಮೇಲೂ ಕ್ರಮಸಂಖ್ಯೆ ಬರೆದು, ಅದನ್ನು ಎದೆಗವಚಿಕೊಂಡು ನಿಂತವರು ಕಂಡರೆ ಅವರು ಶಿಕ್ಷಕರೆಂದು ಕೇಳದೆಯೇ ಹೇಳಬಹುದು.

ನ್ಯಾಯಮಂಡಳಿಯ ಪೀಠದಲ್ಲಿ ಒಬ್ಬರು ನ್ಯಾಯಾಂಗ ಸದಸ್ಯರು, ಇನ್ನೊಬ್ಬರು ಆಡಳಿತ ಸದಸ್ಯರು ಕೂರುತ್ತಾರೆ. ಈ ಜೋಡಣೆಯ ಬೆಲೆ ನನಗೆ ಗೊತ್ತಾದದ್ದು ನನ್ನ ಅರ್ಜಿ ಮೊದಲ ಸಲ ಕರೆಗೆ ಬಂದ ದಿನ. ಮೊದಲಿನವರನ್ನು ಬಿಟ್ಟು ನಾನು ಹಿಡಿದ ಎರಡನೆಯ ವಕೀಲರು, ಅವರು ಕಾಗದ ಓದಿ ಮಾತಾಡುವವರು, ಟಿಡಿಎಸ್ ಎಂಬ ಪದ ಬಳಸಿದಾಗ ಅದೇನೆಂದು ವಿವರಿಸಬೇಕಾಗಲಿಲ್ಲ. ಸೇವಾ ಪುಸ್ತಕದ ಪುಟ ಎಲ್ಲಿದೆ ಎಂದು ಪೀಠ ಕೇಳಿತು. ತೋರಿಸಿದೆವು. ಆ ಪುಟದಲ್ಲಿ ದಿನಾಂಕದ ಎದುರು ಅಂದಿನ ಅಧಿಕಾರಿಯ ಸಹಿ ಮತ್ತು ಮೊಹರು ಇದೆಯೇ ಎಂದು ಬೆರಳಿಟ್ಟು ನೋಡಿದರು. ಇತ್ತು. ಹಾಗಾದರೆ ಗಣಕದಲ್ಲಿರುವುದು ಯಾವ ಮೂಲ ದಾಖಲೆಯನ್ನು ಆಧರಿಸಿದ್ದು ಎಂದು ಸರ್ಕಾರಿ ವಕೀಲರನ್ನು ಕೇಳಿದರು. ಎಷ್ಟೋ ದಿನಗಳಿಂದ ನಾನು ಹತ್ತಾರು ಮೇಜುಗಳ ಮುಂದೆ ಕೇಳುತ್ತಿದ್ದ ಪ್ರಶ್ನೆ ಅದೇ. ಬೇರೆಯವರ ಬಾಯಿಯಿಂದ, ಉತ್ತರ ಕೊಡಲೇಬೇಕಾದ ಜಾಗದಲ್ಲಿ, ಅದನ್ನು ಕೇಳಿದಾಗ ನನಗಾದ ಸಮಾಧಾನವನ್ನು ಮರೆಯಲಾರೆ. ಆಮೇಲೆ ಆದೇಶ ಏನೇ ಬಂದಿದ್ದರೂ ಆ ಎರಡು ನಿಮಿಷಕ್ಕಾಗಿ ನಾನು ಈ ಸಂಸ್ಥೆಗೆ ಋಣಿ.

ಆದರೆ ಇದೇ ಪೀಠ ಅದೇ ದಿನ ನನ್ನ ಮುಂದೆಯೇ ಇನ್ನೊಬ್ಬ ಶಿಕ್ಷಕಿಯ ಅರ್ಜಿಯನ್ನು ವಜಾ ಮಾಡಿತು. ಅವರ ಅತ್ತೆಗೆ ಪಾರ್ಶ್ವವಾಯು, ಮಗ ಎಸ್‌ಎಸ್‌ಎಲ್‌ಸಿ, ಗಂಡ ಬೇರೆ ಜಿಲ್ಲೆಯಲ್ಲಿ. ನನ್ನ ಕಷ್ಟಕ್ಕಿಂತ ಅವರ ಕಷ್ಟ ನೂರು ಪಾಲು ದೊಡ್ಡದು. ಹಾಗಿದ್ದೂ ನನ್ನ ಅರ್ಜಿ ನಿಂತಿತು, ಅವರದು ಬಿದ್ದಿತು. ಇದು ಏಕೆ ಎಂಬುದನ್ನು ಅರ್ಥ ಮಾಡಿಕೊಳ್ಳದೆ ಯಾರೂ ಕೆಎಟಿಗೆ ಹೋಗಬಾರದು ಎನ್ನುವುದು ನನ್ನ ದೃಢವಾದ ಅಭಿಪ್ರಾಯ.

ವರ್ಗಾವಣೆ ಸರ್ಕಾರಿ ಸೇವೆಯ ಸಹಜ ಅಂಗ, ಒಂದೇ ಜಾಗದಲ್ಲಿ ಇರುವ ಹಕ್ಕು ಯಾರಿಗೂ ಇಲ್ಲ ಎಂಬುದು ಸುಪ್ರೀಂ ಕೋರ್ಟಿನ ಹಳೆಯ ನಿಲುವು. 1986ರ ಬಿ. ವರದರಾವ್ ಪ್ರಕರಣ ನಮ್ಮ ರಾಜ್ಯದ್ದೇ. ಪದೇ ಪದೇ, ಅಕಾಲದಲ್ಲಿ, ವಿವೇಚನೆಯಿಲ್ಲದೆ ಮಾಡುವ ವರ್ಗಾವಣೆ ಒಂದು ಕುಟುಂಬವನ್ನೇ ಬುಡಮೇಲು ಮಾಡುತ್ತದೆ, ಮಕ್ಕಳ ಓದನ್ನು ಕೆಡಿಸುತ್ತದೆ ಎಂದು ಆ ತೀರ್ಪಿನಲ್ಲಿ ನ್ಯಾಯಾಲಯ ಮನಕರಗುವಂತೆ ಬರೆಯಿತು; ಬರೆದೂ ಕೊನೆಗೆ, ವರ್ಗಾವಣೆ ಆದೇಶದ ವಿರುದ್ಧ ಸೇವಾ ನಿಯಮಗಳಡಿ ಮೇಲ್ಮನವಿ ಸಲ್ಲಿಸಲು ಬರುವುದಿಲ್ಲ ಎಂದೇ ತೀರ್ಮಾನಿಸಿತು. 1993ರ ಎಸ್.ಎಲ್. ಅಬ್ಬಾಸ್ ಪ್ರಕರಣದಲ್ಲಿ, ಪತಿ ಪತ್ನಿಯರನ್ನು ಒಂದೇ ಊರಿನಲ್ಲಿ ಇರಿಸಬೇಕೆಂಬಂಥ ಮಾರ್ಗಸೂಚಿಗಳನ್ನು ಅಧಿಕಾರಿ ಗಮನದಲ್ಲಿಡಬೇಕು, ಆದರೆ ಅವು ನೌಕರನಿಗೆ ನ್ಯಾಯಾಲಯದಲ್ಲಿ ಜಾರಿ ಮಾಡಿಸಿಕೊಳ್ಳುವ ಹಕ್ಕನ್ನು ಕೊಡುವುದಿಲ್ಲ ಎಂದಿತು. ಆ ಶಿಕ್ಷಕಿಯ ಅರ್ಜಿಯಲ್ಲಿ ಇದ್ದದ್ದೆಲ್ಲ ಕಷ್ಟವೇ. ಯಾವ ಕಾನೂನಿನ ಯಾವ ಕಲಮನ್ನು ಮೀರಿದ್ದಾರೆ ಎಂಬುದು ಅದರಲ್ಲಿ ಇರಲಿಲ್ಲ.

ಶಿಕ್ಷಕರು ತಪ್ಪದೆ ತಿಳಿದಿರಬೇಕಾದ ಇನ್ನೊಂದು ತೀರ್ಪು 1991ರಲ್ಲಿ ವರದಿಯಾದ ಶಿಲ್ಪಿ ಬೋಸ್ ಪ್ರಕರಣದ್ದು, ಏಕೆಂದರೆ ಅದು ಬಿಹಾರದ ಪ್ರಾಥಮಿಕ ಶಾಲಾ ಶಿಕ್ಷಕಿಯರದೇ ಕಥೆ. ಪತಿ ಇರುವ ಊರಿಗೆ ಹೋಗಬೇಕೆಂದು ಕೆಲವು ಶಿಕ್ಷಕಿಯರು ಕೋರಿಕೊಂಡರು, ಅವರಿಗೆ ಜಾಗ ಮಾಡಿಕೊಡಲು ಅಲ್ಲಿದ್ದವರನ್ನು ಬೇರೆಡೆಗೆ ಕಳುಹಿಸಿದರು. ಸ್ಥಾನ ಕಳೆದುಕೊಂಡವರು ಪಾಟ್ನಾ ಹೈಕೋರ್ಟಿಗೆ ಹೋಗಿ ಗೆದ್ದರು. ಸುಪ್ರೀಂ ಕೋರ್ಟ್ ಆ ಗೆಲುವನ್ನು ರದ್ದು ಮಾಡಿತು: ಕಡ್ಡಾಯವಾಗಿ ಪಾಲಿಸಬೇಕಾದ ಶಾಸನಬದ್ಧ ನಿಯಮದ ಉಲ್ಲಂಘನೆ ಇಲ್ಲದಿದ್ದರೆ, ದುರುದ್ದೇಶ ಸಾಬೀತಾಗದಿದ್ದರೆ, ನ್ಯಾಯಾಲಯಗಳು ವರ್ಗಾವಣೆಯಲ್ಲಿ ಕೈಹಾಕಬಾರದು ಎಂದಿತು. ದುರುದ್ದೇಶವನ್ನು ಸಾಬೀತು ಮಾಡುವುದು ಎಷ್ಟು ಕಷ್ಟವೆಂದು ಯಾವ ವಕೀಲರನ್ನು ಕೇಳಿದರೂ ಹೇಳುತ್ತಾರೆ. ಶಿಕ್ಷೆಯ ಬದಲಾಗಿ ವರ್ಗಾವಣೆ ಮಾಡಿದ್ದನ್ನು 2009ರಲ್ಲಿ ವರದಿಯಾದ ಸೋಮೇಶ್ ತಿವಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ ನಿಜ, ಆದರೆ ಅಲ್ಲಿ ವರ್ಗಾವಣೆಗೆ ಕಾರಣವಾದ ಅನಾಮಧೇಯ ದೂರು ಕಡತದಲ್ಲಿಯೇ ಇತ್ತು.

ಉಳಿಯುವುದು ಶಾಸನಬದ್ಧ ನಿಯಮದ ಉಲ್ಲಂಘನೆ ಎಂಬ ಒಂದು ಬಾಗಿಲು. ಬೇರೆ ಹೆಚ್ಚಿನ ಇಲಾಖೆಗಳ ನೌಕರರಿಗೆ ಈ ಬಾಗಿಲು ಕಿರಿದು, ಅವರ ವರ್ಗಾವಣೆ ನಡೆಯುವುದು ಬಹುತೇಕ ಸರ್ಕಾರದ ಮಾರ್ಗಸೂಚಿಗಳ ಮೇಲೆ. ಆದರೆ ಕರ್ನಾಟಕದ ಶಿಕ್ಷಕರಿಗೆ 2007ರಿಂದ ವರ್ಗಾವಣೆಯನ್ನು ನಿಯಂತ್ರಿಸುವ ಪ್ರತ್ಯೇಕ ಕಾಯ್ದೆಯೇ ಇದೆ. ಅದರ ಸ್ಥಾನದಲ್ಲಿ 2020ರ ಕಾಯ್ದೆ ಬಂದಾಗ ಹಿಂದೆ ಕಡ್ಡಾಯ ವರ್ಗಾವಣೆ ಎಂದಿದ್ದದ್ದು ವಲಯ ವರ್ಗಾವಣೆ ಎಂದಾಯಿತು, 2019ರ ಕಡ್ಡಾಯ ವರ್ಗಾವಣೆ ಎಬ್ಬಿಸಿದ ಕೋಲಾಹಲ ಅದಕ್ಕೆ ಹಿನ್ನೆಲೆ. ಯಾರನ್ನು ವಲಯ ವರ್ಗಾವಣೆಗೆ ಪರಿಗಣಿಸಬೇಕು, ಯಾರಿಗೆ ವಿನಾಯಿತಿ, ಆದ್ಯತೆ ಯಾವ ಕ್ರಮದಲ್ಲಿ ಎಂಬುದೆಲ್ಲ ಮಾರ್ಗಸೂಚಿಯಲ್ಲ, ಶಾಸನ. ತೀವ್ರ ಕಾಯಿಲೆ, ಅಂಗವೈಕಲ್ಯ, ವಿಧವೆಯರು, ಪತಿ ಪತ್ನಿ ಪ್ರಕರಣ ಇವೆಲ್ಲ ನಮ್ಮಲ್ಲಿ ಕರುಣೆಯಿಂದ ಕೊಡುವ ರಿಯಾಯಿತಿಗಳಲ್ಲ, ಕಾಯ್ದೆ ಗುರುತಿಸಿದ ವರ್ಗಗಳು. ಅಬ್ಬಾಸ್ ತೀರ್ಪನ್ನು ಸರ್ಕಾರಿ ವಕೀಲರು ಉಲ್ಲೇಖಿಸಿದಾಗ ನಮ್ಮ ವಕೀಲರು ಕೊಟ್ಟ ಉತ್ತರ ಇಷ್ಟೇ: ಅಲ್ಲಿ ಇದ್ದದ್ದು ಮಾರ್ಗಸೂಚಿ, ಇಲ್ಲಿ ಇರುವುದು ಕಾಯ್ದೆ, ಹತ್ತು ವರ್ಷ ಆಗದವರನ್ನು ಹತ್ತು ವರ್ಷದ ಪಟ್ಟಿಗೆ ಸೇರಿಸುವ ಅಧಿಕಾರ ಕಾಯ್ದೆಯಲ್ಲಿ ಇಲ್ಲ.

ಆದ್ದರಿಂದ ಫೋನ್ ಮಾಡಿದವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ನಿಮ್ಮ ತೊಂದರೆ ಏನು ಎಂಬುದಲ್ಲ. ತಪ್ಪು ಯಾವ ದಾಖಲೆಯಲ್ಲಿ ಕಾಣುತ್ತದೆ ಎಂಬುದು. ಸೇವಾವಧಿಯ ಲೆಕ್ಕ ತಪ್ಪಿದೆಯೇ, ಆದ್ಯತೆಯ ಪ್ರಮಾಣಪತ್ರ ಕೊಟ್ಟಿದ್ದರೂ ಬಿಟ್ಟುಹೋಗಿದೆಯೇ, ಶಾಲೆಯ ವಲಯವನ್ನೇ ತಪ್ಪಾಗಿ ಗುರುತಿಸಿದ್ದಾರೆಯೇ, ಹೆಚ್ಚುವರಿ ಶಿಕ್ಷಕರನ್ನು ಗುರುತಿಸುವಾಗ ಮಕ್ಕಳ ದಾಖಲಾತಿಯನ್ನು ಕಡಿಮೆ ತೋರಿಸಿದ್ದಾರೆಯೇ? ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಕಿರಿಯ ತರಗತಿಗಳಿಗೆ ಮೂವತ್ತು ಮಕ್ಕಳಿಗೊಬ್ಬರು, ಆರರಿಂದ ಎಂಟನೆಯ ತರಗತಿಗೆ ಮೂವತ್ತೈದಕ್ಕೊಬ್ಬರು ಎಂಬ ಅನುಪಾತವಿರುವಾಗ, ದಾಖಲಾತಿ ಪುಸ್ತಕದ ಒಂದೆರಡು ಹೆಸರು ಎಣಿಕೆಗೆ ಸಿಗದೆ ಹೋದರೂ ಶಿಕ್ಷಕರೊಬ್ಬರು ಹೆಚ್ಚುವರಿಯಾಗಿಬಿಡಬಹುದು. ಇಂಥ ತಪ್ಪುಗಳಿಗೆ ಕೆಎಟಿಗಿಂತ ಒಳ್ಳೆಯ ಜಾಗವಿಲ್ಲ. ಬರಿಯ ಕಷ್ಟವನ್ನು ಹೇಳಿಕೊಳ್ಳಲು ಅದು ಜಾಗವಲ್ಲ, ಅದಕ್ಕಾಗಿ ವಕೀಲರಿಗೆ ಹಣ ಸುರಿಯಬೇಡಿ ಎಂದು ಕಡ್ಡಿ ಮುರಿದಂತೆ ಹೇಳುತ್ತೇನೆ. ಅದನ್ನು ಹೇಳುವಾಗ ಅಂದಿನ ಆ ಶಿಕ್ಷಕಿಯ ಮುಖ ಕಣ್ಣ ಮುಂದೆ ಬರುತ್ತದೆ. ಅವರ ಅತ್ತೆಯ ಕಾಯಿಲೆ ಯಾವ ಆದ್ಯತಾ ವರ್ಗಕ್ಕೂ ಸೇರದೆ ಇದ್ದದ್ದು ಕಾಯ್ದೆಯ ಕೊರತೆ, ಅದನ್ನು ತುಂಬಬೇಕಾದದ್ದು ವಿಧಾನಮಂಡಲ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಹೊಣೆ ನಮ್ಮಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳ ಮೇಲೆಯೇ ಬೀಳುವಾಗ, ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಆದ್ಯತಾ ಪಟ್ಟಿ ಪೂರ್ಣವಾಗಲಾರದು.

ಖರ್ಚಿನ ವಿಷಯ ಚುಟುಕಾಗಿ. ನ್ಯಾಯಮಂಡಳಿಯ ಅರ್ಜಿ ಶುಲ್ಕ ಯಾರಿಗೂ ಹೊರೆಯಲ್ಲ. ವೆಚ್ಚವೆಲ್ಲ ವಕೀಲರ ಶುಲ್ಕ, ನಕಲು, ಪ್ರಯಾಣಕ್ಕೆ. ಅರ್ಜಿದಾರರು ಸ್ವತಃ ವಾದಿಸಲು 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆಯ 23ನೆಯ ಕಲಮು ಅವಕಾಶ ಕೊಟ್ಟಿದೆ, ಆದರೆ ಯಾವ ನಿಯಮ ಉಲ್ಲಂಘನೆಯಾಗಿದೆ ಎಂಬುದನ್ನು ಎರಡು ವಾಕ್ಯದಲ್ಲಿ ಹೇಳಲಾಗದವರು ಆ ಸಾಹಸಕ್ಕೆ ಇಳಿಯಬಾರದು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಟ್ಟುಪಾಡುಗಳು ಇಲ್ಲಿ ಇಲ್ಲದ ಕಾರಣ ಸಾಕ್ಷಿ, ಪಾಟೀಸವಾಲು ಎಂದು ಎಳೆಯುವುದಿಲ್ಲ. ದಾಖಲೆ ಮತ್ತು ವಾದದ ಮೇಲೆಯೇ ತೀರ್ಮಾನ. ಶಿಕ್ಷಕರಿಗೆ ಇದು ಬಹಳ ಅನುಕೂಲ, ಏಕೆಂದರೆ ಕಾಗದ ಇಟ್ಟುಕೊಳ್ಳುವುದು ನಮಗೆ ವೃತ್ತಿಯಿಂದಲೇ ಬಂದ ಅಭ್ಯಾಸ.

ಕಾಲದ ವಿಷಯ ಹಾಗಲ್ಲ. ಅದೇ ಕಾಯ್ದೆಯ 20ನೆಯ ಕಲಮಿನ ಪ್ರಕಾರ ಇಲಾಖೆಯಲ್ಲಿ ಲಭ್ಯವಿರುವ ಪರಿಹಾರಗಳನ್ನೆಲ್ಲ ಸಾಮಾನ್ಯವಾಗಿ ಮೊದಲು ಬಳಸಿಕೊಂಡಿರಬೇಕು. ಮೇಲ್ಮನವಿಗೋ ಮನವಿಗೋ ಉತ್ತರವೇ ಬಾರದಿದ್ದರೆ ಆರು ತಿಂಗಳು ಕಾಯಬೇಕೆಂಬ ಮಾತು ಅದರಲ್ಲಿದೆ. ಅಂತಿಮ ಆದೇಶವಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕೆನ್ನುತ್ತದೆ 21ನೆಯ ಕಲಮು. ಪಿಂಚಣಿ, ಬಡ್ತಿಯ ವಿಷಯಗಳಿಗೆ ಈ ಅವಧಿಗಳು ಸರಿಹೊಂದಬಹುದು, ವರ್ಗಾವಣೆಗೆ ಹೊಂದುವುದಿಲ್ಲ. ಆರು ತಿಂಗಳೆಂದರೆ ಶಾಲೆಯ ಅರ್ಧ ವರ್ಷ ಮುಗಿದಿರುತ್ತದೆ. ವರ್ಗಾವಣೆ ಪ್ರಕರಣಗಳಲ್ಲಿ ನ್ಯಾಯಮಂಡಳಿ ಈ ಷರತ್ತನ್ನು ಬಿಗಿಯಾಗಿ ಹಿಡಿಯದಿರುವುದು ಸಾಧ್ಯ, ಏಕೆಂದರೆ ಕಲಮಿನಲ್ಲಿಯೇ ಸಾಮಾನ್ಯವಾಗಿ ಎಂಬ ಪದವಿದೆ. ಆದರೂ ಮೊದಲ ದಿನವೇ ಎದುರು ಪಕ್ಷದಿಂದ ಬರುವ ಪ್ರಶ್ನೆ, ಇಲಾಖೆಗೆ ಮನವಿ ಕೊಟ್ಟಿದ್ದೀರಾ, ಎಲ್ಲಿ ಸ್ವೀಕೃತಿ ಎಂಬುದೇ. ನನ್ನ ಕೈಯಲ್ಲಿ ಅದಿಲ್ಲದ್ದರಿಂದ, ಅಂತಿಮ ಪಟ್ಟಿ ಬಂದ ಮೇಲೆ ನೋಂದಾಯಿತ ಅಂಚೆಯಲ್ಲಿ ಮತ್ತೊಂದು ಮನವಿ ಕಳುಹಿಸಿ, ಆ ರಸೀದಿಯನ್ನು ಹಾಜರುಪಡಿಸಬೇಕಾಯಿತು. ಮೂವತ್ತೋ ನಲವತ್ತೋ ರೂಪಾಯಿಯ ಆ ರಸೀದಿ ಇಡೀ ಕಡತದಲ್ಲಿ ಅತ್ಯಂತ ಹೆಚ್ಚು ಕೆಲಸಕ್ಕೆ ಬಂದ ಕಾಗದ.

ತಡೆಯಾಜ್ಞೆಯ ಬಗ್ಗೆಯೂ ತಪ್ಪು ಕಲ್ಪನೆ ಬಹಳ. ಎದುರು ಪಕ್ಷಕ್ಕೆ ಪ್ರತಿಗಳನ್ನು ಕೊಟ್ಟು, ಅವರಿಗೆ ಮಾತಾಡಲು ಅವಕಾಶ ಕೊಡದೆ ಮಧ್ಯಂತರ ಆದೇಶ ಮಾಡುವಂತಿಲ್ಲ ಎಂಬುದು 24ನೆಯ ಕಲಮಿನ ಸಾಮಾನ್ಯ ನಿಯಮ. ಹಣದಿಂದ ತುಂಬಿಕೊಡಲಾಗದ ನಷ್ಟ ತಪ್ಪಿಸಲು ವಿಶೇಷ ಸಂದರ್ಭದಲ್ಲಿ, ಕಾರಣ ಬರೆದಿಟ್ಟು, ಏಕಪಕ್ಷೀಯವಾಗಿ ಕೊಡಬಹುದಾದರೂ ಆ ಆದೇಶಕ್ಕೆ ಹದಿನಾಲ್ಕು ದಿನಗಳ ಆಯುಷ್ಯ. ಬಿಡುಗಡೆಯಾಗಿ, ಹೊಸಬರು ಆ ಜಾಗಕ್ಕೆ ಬಂದು ಹಾಜರಾದ ಮೇಲಂತೂ ತಡೆ ಕೊಡುವುದಕ್ಕೆ ಉಳಿಯುವುದಾದರೂ ಏನು?

ಹೊಸಬರು ಬಂದ ಮೇಲೆ ಎಂದೆನಲ್ಲ, ಆ ಹೊಸಬರ ಬಗ್ಗೆ ಬರೆಯದೆ ಈ ವಿಮರ್ಶೆ ಪ್ರಾಮಾಣಿಕವಾಗದು. ನಾನು ಬಿಟ್ಟುಬಂದ ಹುದ್ದೆಯನ್ನು ಕೌನ್ಸೆಲಿಂಗಿನಲ್ಲಿ ಆರಿಸಿಕೊಂಡವರು ಹದಿನಾಲ್ಕು ವರ್ಷ ಗುಡ್ಡದ ಅಂಚಿನ ಶಾಲೆಯಲ್ಲಿ ಕೆಲಸ ಮಾಡಿ ಬಂದ ಶಿಕ್ಷಕಿ. ಅವರ ಕಡೆಯಿಂದ ಯಾವ ತಪ್ಪೂ ಆಗಿರಲಿಲ್ಲ. ಆದರೆ ನನ್ನನ್ನು ಅದೇ ಹುದ್ದೆಗೆ ಮರಳಿಸಬೇಕೆಂದು ಕೇಳುವುದಾದರೆ, ಅದರಿಂದ ಬಾಧೆಗೊಳಗಾಗುವ ಅವರನ್ನು ಪ್ರತಿವಾದಿಯಾಗಿ ಸೇರಿಸಲೇಬೇಕು, ಇಲ್ಲದಿದ್ದರೆ ಅಗತ್ಯ ಪಕ್ಷಗಾರರನ್ನು ಬಿಟ್ಟ ಕಾರಣಕ್ಕೇ ಅರ್ಜಿ ನಿಲ್ಲುವುದಿಲ್ಲ ಎಂದು ವಕೀಲರು ವಿವರಿಸಿದರು. ರಾಜ್ಯ ಸರ್ಕಾರ ಒಂದನೆಯ ಪ್ರತಿವಾದಿ, ಅಧಿಕಾರಿಗಳು ಆಮೇಲಿನವರು, ಕೊನೆಯಲ್ಲಿ ಆಕೆ. ನೋಟಿಸು ಶಾಲೆಯ ವಿಳಾಸಕ್ಕೆ ಹೋಯಿತು. ಮಕ್ಕಳಿಗೆ ಮಗ್ಗಿ ಬರೆಸುತ್ತಿದ್ದಾಗ ಅಂಚೆಯವರು ತಂದುಕೊಟ್ಟರಂತೆ. ಅಂದು ಸಂಜೆ ಅವರೇ ಫೋನ್ ಮಾಡಿ, ನಾನೇನು ಮಾಡಿದೆ ಮೇಡಂ ಎಂದು ಕೇಳಿದರು. ನಾನು ನನ್ನ ದಿನಾಂಕದ ಕಥೆಯನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ನಿಮ್ಮದೂ ಸರಿಯೇ ಎಂದರು. ಅದಕ್ಕೆ ನಾನು ಕೊಡಬಹುದಾದ ಉತ್ತರ ಇರಲಿಲ್ಲ.

ಯಾವ ಕಚೇರಿಯೋ ಮಾಡಿದ ಒಂದು ಅಂಕಿಯ ತಪ್ಪು ಕೌನ್ಸೆಲಿಂಗ್ ಮುಗಿಯುವ ತನಕ ಕಚೇರಿಯ ತಪ್ಪಾಗಿಯೇ ಇರುತ್ತದೆ, ಸರಿಪಡಿಸಿದರೆ ಯಾರಿಗೂ ನಷ್ಟವಿಲ್ಲ. ಕೌನ್ಸೆಲಿಂಗ್ ಮುಗಿದ ಮರುದಿನದಿಂದ ಅದು ಇಬ್ಬರು ಶಿಕ್ಷಕರ ನಡುವಿನ ವ್ಯಾಜ್ಯವಾಗುತ್ತದೆ. ನ್ಯಾಯಮಂಡಳಿ ಎಷ್ಟೇ ಸಹೃದಯವಾಗಿದ್ದರೂ ಆ ಮರುದಿನವನ್ನು ಹಿಂದಕ್ಕೆ ತರಲಾರದು. ಹಾಗಾಗಿ, ಹೋಗುವುದಾದರೆ ಅಂತಿಮ ಪಟ್ಟಿ ಪ್ರಕಟವಾದ ಕೂಡಲೇ, ಕೌನ್ಸೆಲಿಂಗಿಗೆ ಮೊದಲೇ ಹೋಗಿ ಎಂದು ನಾನು ಪ್ರತಿಯೊಬ್ಬರಿಗೂ ಒತ್ತಾಯಿಸುತ್ತೇನೆ. ಅಂತಿಮ ಪಟ್ಟಿಗೂ ಕೌನ್ಸೆಲಿಂಗಿಗೂ ನಡುವೆ ಇರುವುದು ಕೆಲವೇ ದಿನ, ಆ ದಿನಗಳಲ್ಲಿ ಹಳ್ಳಿಯ ಶಿಕ್ಷಕರೊಬ್ಬರು ವಕೀಲರನ್ನು ಹುಡುಕಿ, ಅರ್ಜಿ ಸಿದ್ಧಪಡಿಸಿ, ಬೆಂಗಳೂರಿಗೋ ಬೆಳಗಾವಿಗೋ ಕಲಬುರಗಿಗೋ ತಲುಪುವುದು ಎಷ್ಟು ದುಸ್ತರ ಎಂಬುದು ನನಗೆ ಗೊತ್ತಿದೆ. ಇಲ್ಲಿ ಸುಧಾರಣೆ ಬೇಕಾದದ್ದು ನ್ಯಾಯಮಂಡಳಿಯಲ್ಲಲ್ಲ. ತಾತ್ಕಾಲಿಕ ಪಟ್ಟಿಗೆ ಬಂದ ಪ್ರತಿ ಆಕ್ಷೇಪಣೆಗೂ, ಒಪ್ಪಿದ್ದೇವೆ ಅಥವಾ ಇಂಥ ಕಾರಣಕ್ಕೆ ಒಪ್ಪಿಲ್ಲ ಎಂದು ಲಿಖಿತ ಹಿಂಬರಹ ಕೊಟ್ಟ ನಂತರವೇ ಅಂತಿಮ ಪಟ್ಟಿ ಪ್ರಕಟವಾಗುವಂತಾದರೆ, ನಾನು ಮೊಗಸಾಲೆಯಲ್ಲಿ ಕಂಡ ಶಿಕ್ಷಕರಲ್ಲಿ ಎಷ್ಟೋ ಮಂದಿ ಅಂದು ತಮ್ಮ ತರಗತಿಯಲ್ಲಿಯೇ ಇರುತ್ತಿದ್ದರು.

ನನ್ನ ಅರ್ಜಿ ಐದು ತಿಂಗಳಲ್ಲಿ ತೀರ್ಮಾನವಾಯಿತು. ಸೇವಾ ಪುಸ್ತಕದ ದಿನಾಂಕವೇ ಅಧಿಕೃತ, ಅದರಂತೆ ಮಾಹಿತಿಯನ್ನು ತಿದ್ದಿ, ಅರ್ಜಿದಾರರ ಮನವಿಯನ್ನು ನಿಗದಿತ ಅವಧಿಯಲ್ಲಿ ಕಾನೂನಿನಂತೆ ಪರಿಗಣಿಸಿ ಎಂಬುದು ಆದೇಶದ ಸಾರ. ವರ್ಗಾವಣೆ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಸಿಗುವ ಪರಿಹಾರ ಇದೇ ಬಗೆಯದು: ಇಂಥ ಶಾಲೆಗೇ ಹಾಕಿ ಎಂದು ನ್ಯಾಯಮಂಡಳಿ ಹೇಳುವುದು ಅಪರೂಪ, ಮರುಪರಿಶೀಲಿಸಿ ಎನ್ನುವುದೇ ಹೆಚ್ಚು. ಇದನ್ನು ಸೋಲು ಎಂದು ಕೆಲವರು ಭಾವಿಸುತ್ತಾರೆ, ನಾನು ಹಾಗೆ ಭಾವಿಸುವುದಿಲ್ಲ. ಆ ಆದೇಶದ ದೃಢೀಕೃತ ಪ್ರತಿ ಕೈಗೆ ಬಂದ ಮೇಲೆ ಕಚೇರಿಗಳಲ್ಲಿ ನನ್ನ ಜೊತೆ ಮಾತಾಡುವ ಧಾಟಿಯೇ ಬದಲಾಯಿತು. ಪ್ರತಿಯನ್ನು ಹೊಸ ಮನವಿಯೊಂದಿಗೆ ಸಲ್ಲಿಸಿ, ಈ ಬಾರಿ ನಕಲಿನ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಂಡೇ ಎದ್ದೆ. ಅವಧಿ ಮುಗಿದರೂ ಕ್ರಮವಾಗದಿದ್ದರೆ ನ್ಯಾಯಾಂಗ ನಿಂದನೆಯ ಅರ್ಜಿ ವಿಚಾರಿಸುವ ಅಧಿಕಾರವೂ 17ನೆಯ ಕಲಮಿನಲ್ಲಿ ನ್ಯಾಯಮಂಡಳಿಗೆ ಇದೆ. ನನಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ತಂತ್ರಾಂಶದಲ್ಲಿ ದಿನಾಂಕ ಬದಲಾಯಿತು, ಎ ವಲಯದ ಸೇವಾವಧಿ ಎಂಟು ವರ್ಷ ಎಂದು ಕಂಡಿತು.

ಅಷ್ಟು ಹೊತ್ತಿಗೆ ಅರ್ಧವಾರ್ಷಿಕ ಪರೀಕ್ಷೆ ಮುಗಿದಿತ್ತು. ಹೊಸ ಶಾಲೆಯ ನಾಲ್ಕನೆಯ ತರಗತಿಯ ಹನ್ನೊಂದು ಮಕ್ಕಳಲ್ಲಿ ಮೂವರು ಆಗಷ್ಟೇ ಒತ್ತಕ್ಷರ ಕೂಡಿಸಿ ಓದಲು ತೊಡಗಿದ್ದರು. ವರ್ಷದ ನಡುವೆ ಅವರನ್ನು 'ಷ್ಟ್ರ'ದಲ್ಲಿ ಬಿಟ್ಟು ಹೊರಡಲು ಮನಸ್ಸು ಬರಲಿಲ್ಲ. ಮರುಪರಿಶೀಲನೆಯ ವೇಳೆ ಎಲ್ಲಿಗೆ ಹೋಗಲು ಇಚ್ಛಿಸುತ್ತೀರಿ ಎಂದು ಕೇಳಿದಾಗ ನಾನು ಹಳೆಯ ಶಾಲೆಯ ಹೆಸರು ಬರೆಯಲಿಲ್ಲ. ಮುಂದಿನ ಶೈಕ್ಷಣಿಕ ವರ್ಷದ ಆರಂಭಕ್ಕೆ, ಅದೇ ಪಟ್ಟಣದ ಇನ್ನೊಂದು ಬದಿಯಲ್ಲಿ ನಿವೃತ್ತಿಯಿಂದ ತೆರವಾಗಲಿದ್ದ ಹುದ್ದೆಯೊಂದನ್ನು ಕೋರಿದೆ, ಸಿಕ್ಕಿತು. ಗುಡ್ಡದ ಅಂಚಿನಿಂದ ಬಂದ ಆ ಶಿಕ್ಷಕಿ ಅಲ್ಲಿಯೇ ಇದ್ದಾರೆ. ಕ್ಲಸ್ಟರ್ ಸಮಾಲೋಚನಾ ಸಭೆಗಳಲ್ಲಿ ನಾವು ಪಕ್ಕಪಕ್ಕದಲ್ಲಿಯೇ ಕೂರುತ್ತೇವೆ.